ಅಣಬೆಯಲ್ಲಿರುವ ಅಣು ಮುಖದ ಚರ್ಮಕ್ಕೆ ಇಳಿಯುತ್ತಾ?

ಮುಖಕ್ಕೆ ಹಚ್ಚುವ ಸೀರಮ್ ಬಾಟಲಿಗಳ ಮೇಲೆ ಈಚೆಗೆ ಒಂದು ಹೆಸರು ಕಾಣಿಸುತ್ತಿದೆ: ಎರ್ಗೊಥಿಯೊನೀನ್. ಒಂದೇ ಸಲಕ್ಕೆ ನಾಲಿಗೆಗೆ ಹತ್ತುವ ಹೆಸರಲ್ಲ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಕ್ಕೆ ಮೂರು ಮೀಥೈಲ್ ಗುಂಪು, ಒಂದು ಗಂಧಕದ ಪರಮಾಣು ಸೇರಿದರೆ ಇದಾಗುತ್ತದೆ. 1909ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಟಾನ್ರೆ ಇದನ್ನು ಕಂಡುಹಿಡಿದದ್ದು ರೈ ತೆನೆಗೆ ಹತ್ತುವ ಎರ್ಗಾಟ್ ಎಂಬ ಶಿಲೀಂಧ್ರದಲ್ಲಿ. ಹೆಸರು ಬಂದದ್ದೂ ಅಲ್ಲಿಂದಲೇ. ನಮ್ಮ ದೇಹ ಇದನ್ನು ತಯಾರಿಸಲಾರದು. ಊಟದಿಂದ, ಅದರಲ್ಲೂ ಅಣಬೆಯಿಂದ ಬರಬೇಕು.

ಇದನ್ನು ಮಾರುವುದು ಆ್ಯಂಟಿಆಕ್ಸಿಡೆಂಟ್ ಅಂತ, ಅಂದರೆ ಆಕ್ಸಿಡೀಕರಣದ ಹಾನಿಯಿಂದ ಚರ್ಮವನ್ನು ಕಾಯುವ ವಸ್ತು ಅಂತ. ಆ ಮಾತು ಬಂದ ಕೂಡಲೇ ಕಂಪನಿಗಳು ತೋರಿಸುವುದು ಬಣ್ಣದ ಪರೀಕ್ಷೆ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ವಸ್ತುವನ್ನು ಹಾಕುತ್ತಾರೆ, ನೇರಳೆ ಹೋಗಿ ಹಳದಿಯಾದರೆ ಪಾಸ್. ಆದರೆ ಆ ದ್ರಾವಣ ಸಾಮಾನ್ಯವಾಗಿ ಆಲ್ಕೋಹಾಲಿನದು, ಅದರಲ್ಲಿರುವ, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಣು ಅಂದರೆ ರ್‍ಯಾಡಿಕಲ್ ನಮ್ಮ ದೇಹದಲ್ಲಿ ಇರುವಂಥದ್ದೇ ಅಲ್ಲ. ಬಣ್ಣ ಹೋಯಿತು ಅಂದರೆ ಬಣ್ಣ ಹೋಯಿತು, ಅಷ್ಟೇ. ಚರ್ಮದ ಮಾತು ಇನ್ನೂ ಶುರುವೇ ಆಗಿಲ್ಲ.

ನನಗೆ ಈ ಅಣು ಇಷ್ಟವಾಗುವುದು ಬೇರೆ ಕಾರಣಕ್ಕೆ: ಅದು ಬೇಗ ಕೆಡುವುದಿಲ್ಲ. ವಿಟಮಿನ್ ಸಿ ಸೀರಮ್ ತಂದವರಿಗೆ ಗೊತ್ತಿರುತ್ತದೆ, ಕೆಲವೇ ವಾರಗಳಲ್ಲಿ ಹಳದಿ, ಆಮೇಲೆ ಕಂದು. ಚರ್ಮವನ್ನು ಕಾಯಬೇಕಾದದ್ದು ಬಾಟಲಿಯಲ್ಲೇ ಗಾಳಿಗೆ ಸುಟ್ಟು ಹೋಯಿತು ಅಂತ ಅರ್ಥ. ಗ್ಲುಟಾಥಯೋನ್, ಎನ್-ಅಸಿಟೈಲ್ ಸಿಸ್ಟೀನ್‌ನಂಥ ಗಂಧಕದ ಅಣುಗಳ ಕಥೆಯೂ ಹೆಚ್ಚು ಕಡಿಮೆ ಇದೇ, ಎರಡನೆಯದಕ್ಕೆ ಕೊಳೆತ ಮೊಟ್ಟೆಯ ವಾಸನೆ ಬೇರೆ. ಎರ್ಗೊಥಿಯೊನೀನ್‌ನಲ್ಲಿ ಗಂಧಕ ಅವುಗಳಲ್ಲಿರುವ ಹಾಗೆ ಹೆಚ್ಚಾಗಿ ಹೈಡ್ರೋಜನ್ ಜೊತೆ ಇರುವುದಿಲ್ಲ, ಉಂಗುರದ ಇಂಗಾಲಕ್ಕೆ ಜೋಡಿ ಬಂಧದಲ್ಲಿ ಕಚ್ಚಿಕೊಂಡಿರುತ್ತದೆ. ಹಾಗಾಗಿ ಸುಮ್ನೆ ಗಾಳಿ ತಾಗಿದ ಮಾತ್ರಕ್ಕೆ ಹಾಳಾಗುವುದು ಕಡಿಮೆ.

ಇನ್ನೊಂದು ವಿಶೇಷ. ಇದನ್ನು ಒಳಗೆ ಎಳೆದುಕೊಳ್ಳಲಿಕ್ಕೆಂದೇ ನಮ್ಮ ಜೀವಕೋಶಗಳಲ್ಲಿ ಒಂದು ಸಾಗಣೆ ಪ್ರೋಟೀನ್ ಇದೆ, ಹೆಸರು ಒಸಿಟಿಎನ್1. ಅದು ಎರ್ಗೊಥಿಯೊನೀನನ್ನು ಸಾಗಿಸುತ್ತದೆ ಅಂತ ತಿಳಿದದ್ದು 2005ರಲ್ಲಿ. ಚರ್ಮದ ಕೋಶಗಳಲ್ಲೂ ಆ ಪ್ರೋಟೀನ್ ಸಿಕ್ಕಿದೆ. ಇದನ್ನು ಓದಿದ ಜಾಹೀರಾತಿನವರು ‘ಚರ್ಮವೇ ಇದನ್ನು ಕರೆದು ಒಳಗೆ ಸೇರಿಸಿಕೊಳ್ಳುತ್ತದೆ’ ಅಂತ ಬರೆದುಬಿಡುತ್ತಾರೆ.

ಅಲ್ಲೇ ಇರುವುದು ತೊಡಕು. ಆ ಪ್ರೋಟೀನ್ ಎಂಬ ಬಾಗಿಲು ಇರುವುದು ಮನೆಗೆ, ಅಂದರೆ ಒಳಗಿನ ಜೀವಂತ ಕೋಶಕ್ಕೆ, ಕಾಂಪೌಂಡಿಗಲ್ಲ. ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳದ್ದು, ನಡುವೆ ಕೊಬ್ಬು ಮೆತ್ತಿದ ಗೋಡೆಯ ಹಾಗೆ. ಕೂದಲೆಳೆಗಿಂತ ತೆಳು, ಆದರೆ ನೀರಿನಲ್ಲಿ ಕರಗುವ ವಸ್ತುಗಳನ್ನು ತಡೆಯುವುದರಲ್ಲಿ ಮಹಾ ಗಟ್ಟಿ. 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಇದನ್ನು ದಾಟುವುದು ಕಷ್ಟ ಅನ್ನುವುದು ರೂಢಿಯ ಲೆಕ್ಕ. ಎರ್ಗೊಥಿಯೊನೀನ್ ಸುಮಾರು 229, ಗಾತ್ರದ ತಕರಾರಿಲ್ಲ. ಆದರೆ ಅದಕ್ಕೆ ನೀರಿನ ಮೇಲೆ ಪ್ರೀತಿ ಜಾಸ್ತಿ, ಒಂದೇ ಅಣುವಿನಲ್ಲಿ ಧನ ಋಣ ಎರಡೂ ವಿದ್ಯುದಂಶ ಹೊತ್ತಿದೆ, ಅಂಥದ್ದು ಕೊಬ್ಬಿನ ಗೋಡೆ ದಾಟಿ ಕೆಳಗಿನ ಜೀವಂತ ಕೋಶಗಳನ್ನು ಮುಟ್ಟುವುದು ಸುಲಭವಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಈ ಗೋಡೆಯೇ ಇರುವುದಿಲ್ಲ! ಅಲ್ಲಿ ಚೆನ್ನಾಗಿ ಕೆಲಸ ಮಾಡಿತು ಅಂದರೆ ಆಶ್ಚರ್ಯವೇನು?

ಹಾಗಾಗಿ ನಾನು ಕೇಳುವುದು ಮನುಷ್ಯರ ಮೇಲಿನ ಪರೀಕ್ಷೆ, ಅದೂ ಸರಿಯಾದ ಹೋಲಿಕೆ ಇರುವಂಥದ್ದು. ಮುಖದ ಒಂದು ಭಾಗಕ್ಕೆ ಎರ್ಗೊಥಿಯೊನೀನ್ ಇರುವ ಕ್ರೀಮ್, ಇನ್ನೊಂದಕ್ಕೆ ಅದಿಲ್ಲದ ಅದೇ ಕ್ರೀಮ್, ಯಾವುದು ಎಲ್ಲಿ ಅಂತ ಹಚ್ಚಿಕೊಂಡವರಿಗೂ ಅಳೆಯುವವರಿಗೂ ಗೊತ್ತಿರಬಾರದು. ‘ಎಂಟು ವಾರ ಹಚ್ಚಿದ ಮೇಲೆ ಸುಕ್ಕು ಕಡಿಮೆ’ ಅಂದರೆ ಸಾಲದು. ಗ್ಲಿಸರಿನ್ ಇರುವ ಯಾವ ಕ್ರೀಮ್ ಹಚ್ಚಿದರೂ ಚರ್ಮ ನೀರು ಹಿಡಿದು ಸಣ್ಣ ಗೆರೆಗಳು ಮಸುಕಾಗುತ್ತವೆ, ಅಲ್ವಾ? ಆ ಶ್ರೇಯ ಗ್ಲಿಸರಿನ್‌ಗೆ ಹೋಗಬೇಕು.

ಲೇಬಲ್ಲಿನಲ್ಲಿ ಹೆಸರು ಇದ್ದ ಮಾತ್ರಕ್ಕೂ ನಂಬಬೇಡಿ. ಯುರೋಪ್ ಮತ್ತು ಅಮೆರಿಕದ ನಿಯಮದಲ್ಲಿ ಶೇಕಡ 1ಕ್ಕಿಂತ ಕಡಿಮೆ ಇರುವ ಪದಾರ್ಥಗಳನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಚಿಟಿಕೆಯಷ್ಟು ಹಾಕಿದ್ದೂ ಪಟ್ಟಿಯಲ್ಲಿ ಸ್ವಲ್ಪ ಮೇಲೆ ಬಂದು ಕೂರಬಹುದು.

ಒಂದು ವಿಷಯ ಮಾತ್ರ ಖಚಿತ, ಇದು ಸನ್‌ಸ್ಕ್ರೀನ್ ಅಲ್ಲ. ಇದು ಚೆನ್ನಾಗಿ ಹೀರುವ ಬೆಳಕು ಸುಮಾರು 258 ನ್ಯಾನೋಮೀಟರ್ ಅಲೆಯುದ್ದದ್ದು. ಬಿಸಿಲಿನಲ್ಲಿರುವ ಆ ಅಲೆಗಳನ್ನು ಓಝೋನ್ ಪದರವೇ ಮೇಲೆ ತಡೆದುಬಿಡುತ್ತದೆ. ನಮ್ಮ ಮುಖಕ್ಕೆ ಬೀಳುವುದು ಸುಮಾರು 290ರ ನಂತರದ್ದು.