ಅಧಿಕಾರಿ ನಂಬಿದರೂ ಅರ್ಜಿ ಸೋಲುವುದು ಯಾಕೆ?

“ಊರಿಂದ ಒಂದು ಎಫ್‌ಐಆರ್ ಕಾಪಿ ತರಿಸಿದರೆ ಸಾಕಾ ಸಾರ್?” ನ್ಯೂಜಿಲೆಂಡಿನಲ್ಲಿ ಆಶ್ರಯ ಕೇಳಲು ಹೊರಟವರು ವಕೀಲರ ಮುಂದೆ ಕೂತ ಕೂಡಲೇ ಕೇಳುವುದು ಹೆಚ್ಚಾಗಿ ಇದನ್ನೇ. ಆದದ್ದನ್ನು ಸಾಬೀತು ಮಾಡಿಬಿಟ್ಟರೆ ಗೆದ್ದ ಹಾಗೆ ಎಂಬ ಲೆಕ್ಕ ಅವರದು. ಅಧಿಕಾರಿ ತೀರ್ಮಾನಿಸಬೇಕಾದದ್ದು ಮಾತ್ರ ಮುಂದಿನದನ್ನು: ಇವರನ್ನು ಇವತ್ತು ವಾಪಸ್ ಕಳಿಸಿದರೆ ಏನಾಗುತ್ತದೆ? ಎಫ್‌ಐಆರ್ ಅದಕ್ಕೊಂದು ಸುಳಿವು, ಅಷ್ಟೆ.

ವರ್ಷಕ್ಕೆ 1500 ನಿರಾಶ್ರಿತರನ್ನು ಹೊರದೇಶಗಳಿಂದ ಆರಿಸಿ ಕರೆಸಿಕೊಳ್ಳುವ ಕೋಟಾ ಬೇರೆ. ತಾವಾಗಿ ಇಲ್ಲಿಗೆ ಬಂದು ‘ನನ್ನನ್ನು ಹಿಂದಕ್ಕೆ ಕಳಿಸಬೇಡಿ’ ಎನ್ನುವವರ ಅರ್ಜಿ ದೇಶದ ವಲಸೆ ಇಲಾಖೆಯಾದ ಇಮಿಗ್ರೇಷನ್ ನ್ಯೂಜಿಲೆಂಡ್‌ನ ರೆಫ್ಯೂಜಿ ಸ್ಟೇಟಸ್ ಯೂನಿಟ್‌ಗೆ ಹೋಗುತ್ತದೆ. 2009ರ ವಲಸೆ ಕಾಯ್ದೆಯಂತೆ ಅಲ್ಲಿನ ಅಧಿಕಾರಿ ಮೂರು ಪ್ರಶ್ನೆಗಳನ್ನು ಕ್ರಮವಾಗಿ ತೀರ್ಮಾನಿಸಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳವಾಗುತ್ತದೆಯೇ? ಹೌದಾದರೆ ಅವರು 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದದ ಪ್ರಕಾರ ನಿರಾಶ್ರಿತರು. ಚಿತ್ರಹಿಂಸೆಯ ಅಪಾಯವಿದೆಯೇ? ಅನ್ಯಾಯವಾಗಿ ಜೀವ ಹೋಗುವ ಅಥವಾ ಕ್ರೂರವಾಗಿ ನಡೆಸಿಕೊಳ್ಳುವ ಅಪಾಯವಿದೆಯೇ? ಈ ಎರಡರಲ್ಲಿ ಒಂದಕ್ಕೆ ಹೌದು ಎಂದಾದರೆ ‘ಸಂರಕ್ಷಿತ ವ್ಯಕ್ತಿ’, ಅಂದರೆ ಹಿಂದಕ್ಕೆ ಕಳಿಸಬಾರದವರು. ಇಲ್ಲಿ ಧರ್ಮ, ರಾಜಕೀಯದಂಥ ಕಾರಣ ತೋರಿಸಬೇಕಿಲ್ಲ. ಆದರೆ ಊರಿನಲ್ಲಿ ಒಳ್ಳೆಯ ಚಿಕಿತ್ಸೆ ಸಿಗುವುದಿಲ್ಲ ಎನ್ನುವುದು ನಡೆಯದು. ಕಾಯ್ದೆಯೇ ಅದನ್ನು ಹೊರಗಿಟ್ಟಿದೆ.

ಅಪಾಯ ಎಷ್ಟಿರಬೇಕು? ನೂರಕ್ಕೆ ಐವತ್ತು ದಾಟಬೇಕಿಲ್ಲ. ‘ನಿಜವಾದ ಸಾಧ್ಯತೆ’ ಇದ್ದರೆ ಸಾಕು, ಬರೀ ಊಹೆಯ ಭಯ ಸಾಲದು. ಕಕ್ಷಿದಾರರು ಅಂದುಕೊಂಡದ್ದಕ್ಕಿಂತ ಇದು ಉದಾರವಾದ ಅಳತೆ.

ಅಳತೆಗೋಲು ಹಿಡಿಯುವ ಮೊದಲು ಅಧಿಕಾರಿಗೆ ಹಿಡಿದು ನಿಲ್ಲುವಂಥ ಕಥೆ ಬೇಕು. ಅದನ್ನು ಕಟ್ಟಿಕೊಡುವ ಹೊಣೆ ಅರ್ಜಿದಾರರದ್ದೇ. ಲಿಖಿತ ಹೇಳಿಕೆ, ಆಮೇಲೆ ದುಭಾಷಿಯೊಂದಿಗೆ ದೀರ್ಘ ಸಂದರ್ಶನ. ತಾರೀಖು ಒಂದೆರಡು ದಿನ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕುವಾಗ ಏಜೆಂಟ್ ತುಂಬಿದ ಫಾರಂ ಇದೇ ಇಲಾಖೆಯ ಬಳಿ ಇರುತ್ತದೆ. ಹಳ್ಳಿಯಿಂದ ತಲೆಮರೆಸಿಕೊಂಡಿದ್ದೆ ಎನ್ನುವ ವರ್ಷದಲ್ಲೇ ಅದೇ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಆ ಫಾರಂ ಹೇಳುತ್ತದೆ. ಇನ್ನು ನೆರೆಹೊರೆಯವರ ಅಫಿಡವಿಟ್‌ಗಳು: ನಾಲ್ಕು ಜನರ ಸಹಿ, ವಾಕ್ಯ ಮಾತ್ರ ಒಂದೇ! ಇಂಥವಕ್ಕಿಂತ ಏನೂ ತರದಿರುವುದೇ ವಾಸಿ. ಇಲ್ಲಿಗೆ ಬಂದ ಮೇಲೆ ಅರ್ಜಿಗೆ ಬಲ ಬರಲೆಂದೇ ಫೇಸ್‌ಬುಕ್‌ನಲ್ಲಿ ಸರ್ಕಾರವನ್ನು ಬೈಯುವವರಿಗೂ ಒಂದು ಮಾತು: ಆಧಾರ ಸೃಷ್ಟಿಸಲು ಮಾಡಿದ ಕೆಲಸ ಎಂದು ಕಂಡರೆ ನಿರಾಶ್ರಿತ ಮಾನ್ಯತೆ ನಿರಾಕರಿಸಬೇಕೆಂದು ಕಾಯ್ದೆ ಹೇಳುತ್ತದೆ.

ನಂಬಿಕೆ ಗಿಟ್ಟಿಸಿದ ಮೇಲೂ ಸೋಲಬಹುದು. ಕಿರಿಬಾಟಿ ದ್ವೀಪದೇಶದ ಇಯೋನೆ ಟೈಟಿಯೋಟಾ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಸಮುದ್ರ ಏರುತ್ತಿದೆ, ಬಾವಿ ಉಪ್ಪಾಗುತ್ತಿದೆ, ಜಾಗಕ್ಕಾಗಿ ಜಗಳ ನಡೆಯುತ್ತಿದೆ ಎಂಬ ಅವರ ಮಾತನ್ನು 2013ರಲ್ಲಿ ಮೇಲ್ಮನವಿ ಕೇಳುವ ಇಮಿಗ್ರೇಷನ್ ಅಂಡ್ ಪ್ರೊಟೆಕ್ಷನ್ ಟ್ರಿಬ್ಯೂನಲ್ (ನ್ಯಾಯಮಂಡಳಿ) ಪೂರ್ತಿ ನಂಬಿತು, ಆದರೂ ಮೇಲ್ಮನವಿಯನ್ನು ವಜಾ ಮಾಡಿತು. ಸಮುದ್ರ ಜಾತಿ, ಧರ್ಮ ನೋಡಿ ಏರುವುದಿಲ್ಲವಲ್ಲ. ಕಷ್ಟ ಅಲ್ಲಿನ ಎಲ್ಲರಿಗೂ ಒಂದೇ. ಜೀವಕ್ಕೆ ಸದ್ಯದಲ್ಲೇ ಕುತ್ತು ಎನ್ನುವಂತೆಯೂ ಇರಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ, ಅವರನ್ನು ವಾಪಸ್ ಕಳಿಸಲಾಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ತೀರ್ಮಾನ 2020ರಲ್ಲಿ ಹೊರಬಂತು: ನ್ಯೂಜಿಲೆಂಡ್ ತಪ್ಪು ಮಾಡಿಲ್ಲ, ಆದರೆ ಹವಾಮಾನದ ಕೆಡುಕು ಮುಂದೆ ಗಡೀಪಾರನ್ನು ತಡೆಯುವ ಕಾರಣವಾಗಬಹುದು. 2014ರಲ್ಲಿ ಅಂಥದೇ ದ್ವೀಪದೇಶ ಟುವಾಲುವಿನ ಕುಟುಂಬವೊಂದು ಇಲ್ಲೇ ಉಳಿದಾಗ ‘ಮೊದಲ ಹವಾಮಾನ ನಿರಾಶ್ರಿತರು’ ಎಂದು ಪತ್ರಿಕೆಗಳು ಬರೆದವು. ಅವರಿಗೆ ಸಿಕ್ಕಿದ್ದು ಮಾನವೀಯ ನೆಲೆಯ ಪರವಾನಗಿ. ನಿರಾಶ್ರಿತ ಅರ್ಜಿ ಬಿದ್ದುಹೋಗಿತ್ತು.

ಭಾರತೀಯರ ಅರ್ಜಿ ಮುಗ್ಗರಿಸುವ ಜಾಗ ಬೇರೆ. ಜಾತಿ ಮೀರಿ ಮದುವೆಯಾದ ಜೋಡಿಯೊಂದು ಹುಡುಗಿಯ ಮನೆಯವರಿಗೆ ಹೆದರಿ ಬಂದಿದೆ ಎನ್ನೋಣ. ಬೆದರಿಕೆ ನಿಜ, ಅಧಿಕಾರಿಯೂ ಒಪ್ಪುತ್ತಾರೆ. ಮುಂದಿನ ಪ್ರಶ್ನೆ: ಕಲಬುರಗಿಯಲ್ಲಿ ಬದುಕಲಾಗದಿದ್ದರೆ ಮಂಗಳೂರಿಗೋ ಪುಣೆಗೋ ಹೋಗಬಹುದಲ್ಲ? ‘ಅಷ್ಟು ದೊಡ್ಡ ದೇಶ’ ಎಂಬ ಮಾತು ಸುಲಭ. ಆದ್ದರಿಂದ ಉತ್ತರವನ್ನು ಅರ್ಜಿಯಲ್ಲೇ ಇಡಿ: ಮನೆಯವರಲ್ಲಿ ಪೊಲೀಸ್ ಇಲಾಖೆಯವರಿದ್ದಾರೆಯೇ, ಮೊದಲು ಊರು ಬದಲಿಸಿದಾಗ ಹುಡುಕಿಕೊಂಡು ಬಂದಿದ್ದರೇ, ಫೋನ್ ನಂಬರ್ ಯಾರಿಂದ ಸಿಕ್ಕಿತು. ಹೊಸ ಊರಿನಲ್ಲಿ ಆ ಅಪಾಯ ಉಳಿಯಬಾರದು, ಬೇರೆ ಅಪಾಯ ಹುಟ್ಟಬಾರದು, ಮನುಷ್ಯರಂತೆ ಬದುಕಲು ಬೇಕಾದ ಹಕ್ಕುಗಳು ಇರಬೇಕು. ಒಂದು ತಪ್ಪಿದರೂ ‘ಬೇರೆ ಊರಿಗೆ ಹೋಗಿ’ ಎನ್ನುವ ಹಾಗಿಲ್ಲ. ಅಂದಹಾಗೆ, ಅರ್ಜಿಯ ವಿಷಯ ಭಾರತ ಸರ್ಕಾರಕ್ಕೋ ಮನೆಯವರಿಗೋ ಗೊತ್ತಾಗುತ್ತದೆಂಬ ಭಯ ಬೇಡ. ಗೋಪ್ಯತೆ ಕಾನೂನಿನ ಕಟ್ಟಳೆ. ಟ್ರಿಬ್ಯೂನಲ್ ಪ್ರಕಟಿಸುವ ತೀರ್ಪಿನಲ್ಲೂ ಹೆಸರಿನ ಬದಲು ಎರಡಕ್ಷರ ಇರುತ್ತದೆ.

ತಿರಸ್ಕಾರದ ತೀರ್ಮಾನ ತಿಳಿದ ಮೇಲೆ ಮೇಲ್ಮನವಿಗೆ 10 ಕೆಲಸದ ದಿನ, ಬಂಧನದಲ್ಲಿದ್ದರೆ 5. ಟ್ರಿಬ್ಯೂನಲ್ ಎಲ್ಲವನ್ನೂ ಹೊಸದಾಗಿ ಕೇಳುತ್ತದೆ. ಅದನ್ನು ದಾಟಿ ಹೈಕೋರ್ಟಿಗೆ ಹೋದರೆ ಅಲ್ಲಿ ನಡೆಯುವುದು ಕಾನೂನಿನ ಪ್ರಶ್ನೆ ಮಾತ್ರ. ಹಾಗಾಗಿ ಹೇಳಬೇಕಾದ ಸಂಗತಿ, ನಾಚಿಕೆಯಿಂದ ಬಾಯಿಬಿಡದೆ ಇಟ್ಟುಕೊಂಡದ್ದೂ ಸೇರಿ, ಟ್ರಿಬ್ಯೂನಲ್ ತೀರ್ಪು ಕೊಡುವುದರೊಳಗೆ ಅದರ ಮುಂದೆ ಬಂದಿರಬೇಕು.