ಕಂಪನಿ ತೋರಿಸಿದ ಹೋಟೆಲ್, ಸಿಬ್ಬಂದಿ ಹಿಡಿದ ಹೋಟೆಲ್

ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋಗಬೇಕು. ಅದೇ ಹೋಟೆಲ್, ಅದೇ ರಾತ್ರಿ. ಕಂಪನಿಯ ಬುಕಿಂಗ್ ಸೈಟ್‌ನಲ್ಲಿ ಒಂದು ದರ, ಮೊಬೈಲ್ ಆ್ಯಪ್‌ನಲ್ಲಿ ಅದಕ್ಕಿಂತ ಕಡಿಮೆ. ಯಾರಿಗಾದರೂ ಕೈ ಎಲ್ಲಿಗೆ ಹೋಗುತ್ತದೆ? ಸ್ವಂತ ಕಾರ್ಡ್‌ನಲ್ಲಿ ಬುಕ್ ಮಾಡಿ, ವಾಪಸ್ ಬಂದ ಮೇಲೆ ಬಿಲ್ ಹಾಕಿದರಾಯ್ತು. ಕಂಪನಿ ದುಡ್ಡನ್ನೇ ಉಳಿಸಿದೆವಲ್ಲ, ತಪ್ಪೇನು?

ಮೊದಲು ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಟ್ರಾವೆಲ್ ಏಜೆಂಟ್ ಫೋನಿನಲ್ಲಿ ಹೇಳಿದ ಹೋಟೆಲ್ಲೇ ಗತಿ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪ್ರಯಾಣಿಕರಿಗೆ ಮೈಲ್ಸ್, ಅಂದರೆ ಕೂಡಿಟ್ಟು ಮುಂದೆ ಉಚಿತ ಟಿಕೆಟ್ ಪಡೆಯುವ ಪಾಯಿಂಟ್ಸ್, ಕೊಡಲು ಶುರುಮಾಡಿತು. 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ಹೋಟೆಲ್‌ಗಳು ಕೂಡ ಅದೇ ದಾರಿ ಹಿಡಿದವು. ಜಾಣತನ ನೋಡಿ: ಬಿಲ್ ಕಟ್ಟುವುದು ಕಂಪನಿ, ಪಾಯಿಂಟ್ಸ್ ಮಾತ್ರ ಮಲಗಿ ಎದ್ದವರಿಗೆ! 1996ರಲ್ಲಿ ಎಕ್ಸ್‌ಪೀಡಿಯಾ, ಬುಕಿಂಗ್ ಡಾಟ್ ಕಾಮ್‌ನಂಥ ಬುಕಿಂಗ್ ಸೈಟ್‌ಗಳು ಬಂದವು. ಏಜೆಂಟ್ ಹತ್ತಿರವಷ್ಟೇ ಇದ್ದ ದರಪಟ್ಟಿ ಎಲ್ಲರ ಕಣ್ಣಿಗೂ ಬಿತ್ತು. 2016ರ ಹೊತ್ತಿಗೆ ದೊಡ್ಡ ಹೋಟೆಲ್ ಸರಪಳಿಗಳೇ ನೇರವಾಗಿ ಬುಕ್ ಮಾಡುವ ಸದಸ್ಯರಿಗೆ ದರ ಇಳಿಸಿದವು.

ಕಂಪನಿಯ ಲೆಕ್ಕ ಬೇರೆ. ಹೋಟೆಲ್ ಜೊತೆ ಚೌಕಾಸಿಗೆ ಕೂತಾಗ ಅದರ ಕೈಲಿರುವುದು ಒಂದೇ ಅಸ್ತ್ರ: ವರ್ಷಕ್ಕೆ ಇಷ್ಟು ರಾತ್ರಿ ನಮ್ಮವರು ನಿಮ್ಮಲ್ಲಿ ತಂಗುತ್ತಾರೆ ಅನ್ನುವ ಮಾತು. ಆ್ಯಪ್‌ನಲ್ಲಿ ಹಿಡಿದ ರೂಮು ಸಾಮಾನ್ಯವಾಗಿ ಆ ಲೆಕ್ಕಕ್ಕೆ ಸೇರುವುದಿಲ್ಲ. ರಾತ್ರಿಗಳು ಕಡಿಮೆಯಾದರೆ ಮುಂದಿನ ವರ್ಷ ರಿಯಾಯಿತಿ ಕೇಳಲು ಬಾಯಿಯೇ ಇರಲ್ಲ. ಆ ಅಗ್ಗದ ದರದಲ್ಲಿ ಎಷ್ಟೋ ಸಲ ತಿಂಡಿಯೂ ಇರುವುದಿಲ್ಲ, ರದ್ದು ಮಾಡಿದರೆ ದುಡ್ಡೂ ವಾಪಸ್ ಬರುವುದಿಲ್ಲ. ಮೀಟಿಂಗ್ ಒಂದು ದಿನ ಮುಂದೆ ಹೋದರೆ ಉಳಿತಾಯವೆಲ್ಲ ನೀರಲ್ಲಿ ಹೋಮ.

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡ್‌ನ ಜ್ವಾಲಾಮುಖಿ ಬೂದಿ ಉಗುಳಿ, ಯುರೋಪಿನ ಬಹುಪಾಲು ವಿಮಾನಗಳು ದಿನಗಟ್ಟಲೆ ನೆಲ ಹಿಡಿದವು. ಇಂಥ ಹೊತ್ತಲ್ಲಿ ನಮ್ಮವರು ಯಾವ ಊರಲ್ಲಿ, ಯಾವ ಹೋಟೆಲ್‌ನಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು ಕಂಪನಿ ಮೊದಲು ನೋಡುವುದು ಬುಕಿಂಗ್ ದಾಖಲೆಯನ್ನು. ಹೊರಗೆ ಬುಕ್ ಮಾಡಿದವರ ಹೆಸರು ಅದರಲ್ಲಿ ಇರುವುದೇ ಇಲ್ಲ. ಪ್ರಯಾಣದ ಅಪಾಯ ನಿಭಾಯಿಸಲು ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆಯಿಂದ ಐಎಸ್‌ಒ 31030 ಎಂಬ ಮಾರ್ಗಸೂಚಿಯೇ 2021ರಲ್ಲಿ ಬಂತು. ನನ್ನ ಪ್ರಕಾರ ಸಿಬ್ಬಂದಿಗೆ ಮೊದಲು ಹೇಳಬೇಕಾದ ಕಾರಣ ಈ ಸುರಕ್ಷತೆ, ಉಳಿತಾಯವಲ್ಲ.

ಆದರೆ ಬಹಳ ಕಡೆ ಕಾರಣ ಹೇಳುವುದೇ ಇಲ್ಲ, ಸುಮ್ನೆ ಬಿಲ್ ತಿರಸ್ಕರಿಸುತ್ತಾರೆ. ಕೆಲವು ಕಂಪನಿಗಳು ಬುದ್ಧಿ ಓಡಿಸಿ, ಮಿತಿಗಿಂತ ಕಡಿಮೆ ಖರ್ಚು ಮಾಡಿದವರಿಗೆ ಉಳಿದದ್ದರಲ್ಲಿ ಪಾಲು ಕೊಡುತ್ತವೆ. ಇನ್ನು ಕೆಲವು, ಪಾಯಿಂಟ್ಸ್ ನೀವೇ ಇಟ್ಕೊಳ್ಳಿ, ಬುಕಿಂಗ್ ಮಾತ್ರ ನಮ್ಮ ಸೈಟ್‌ನಲ್ಲೇ ಮಾಡಿ ಅನ್ನುತ್ತವೆ. ಇಷ್ಟಾದರೂ ಕಂಪನಿಯ ಪಟ್ಟಿಯಲ್ಲಿರುವ ಹೋಟೆಲ್ ಮೀಟಿಂಗ್ ಜಾಗದಿಂದ ಮುಕ್ಕಾಲು ಗಂಟೆ ದೂರ ಇದ್ದರೆ? ಟ್ಯಾಕ್ಸಿ ಬಿಲ್ಲನ್ನೂ ಸೇರಿಸಿ ನೋಡಿದ ಸಿಬ್ಬಂದಿ ಮತ್ತೆ ಆ್ಯಪ್ ತೆರೆಯುತ್ತಾರೆ.