ಗಾಳಿ ನಿಂತ ಶ್ವಾಸಕೋಶ, ನಿಲ್ಲದ ರಕ್ತ

ಶ್ವಾಸಕೋಶ ಉಬ್ಬುತ್ತಾ ಇಳಿಯುತ್ತಾ ಇದ್ದರೆ ಅದರ ಮೇಲೆ ಆಪರೇಷನ್ ಮಾಡುವುದು ಬಹಳ ಕಷ್ಟ. ಅದಕ್ಕೇ ಅರಿವಳಿಕೆ ತಜ್ಞರು ಜೋಡಿ ಕೊಳವೆಯ ಟ್ಯೂಬ್ ಇಳಿಸಿ, ಎಡಕ್ಕೂ ಬಲಕ್ಕೂ ಬೇರೆ ಬೇರೆ ದಾರಿ ಮಾಡುತ್ತಾರೆ. ಆಪರೇಷನ್ ಆಗುವ ಕಡೆ ಗಾಳಿ ನಿಲ್ಲಿಸುತ್ತಾರೆ. ಉಸಿರಾಟವೆಲ್ಲ ಇನ್ನೊಂದರಲ್ಲೇ.

ಆದರೆ ಗಾಳಿ ನಿಂತ ಕಡೆಗೂ ರಕ್ತ ಹರಿಯುತ್ತಲೇ ಇರುತ್ತದೆ. ಅದು ಆಮ್ಲಜನಕ ಸಿಗದೆ ಹೋದ ಹಾಗೆಯೇ ವಾಪಸ್ ಬಂದು ಒಳ್ಳೆಯ ರಕ್ತದ ಜೊತೆ ಬೆರೆಯುತ್ತದೆ. ಆಗ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನ ಅಂಕಿ ಇಳಿಯತೊಡಗುತ್ತದೆ. 90ಕ್ಕಿಂತ ಕೆಳಗೆ ಹೋದರೆ ಆತಂಕ ಶುರು.

ಅದೃಷ್ಟಕ್ಕೆ ದೇಹವೇ ಒಂದು ಉಪಾಯ ಇಟ್ಟುಕೊಂಡಿದೆ. ಗಾಳಿ ಬಾರದ ಕಡೆಯ ರಕ್ತನಾಳಗಳು ತಾವಾಗಿಯೇ ಬಿಗಿಯಾಗುತ್ತವೆ, ಬೆಳೆಯಿಲ್ಲದ ಗದ್ದೆಗೆ ನೀರು ಹೋಗದಂತೆ ರೈತ ಮಡೆ ಕಟ್ಟಿದ ಹಾಗೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿಕೊಟ್ಟರು. ಮಗ್ಗುಲಾಗಿ ಮಲಗಿಸಿದಾಗ ಭಾರಕ್ಕೆ ಇನ್ನಷ್ಟು ರಕ್ತ ಕೆಳಗಿನ, ಉಸಿರಾಡುವ ಶ್ವಾಸಕೋಶಕ್ಕೇ ಇಳಿಯುತ್ತದೆ.

ಹಾಗಾದರೆ ಯಾರಿಗೆ ಆಮ್ಲಜನಕ ಇಳಿಯುತ್ತದೆ ಎಂದು ಮೊದಲೇ ಹೇಳಬಹುದಾ? ಸ್ವಲ್ಪ ಮಟ್ಟಿಗೆ ಹೌದು. ಬಲ ಶ್ವಾಸಕೋಶ ದೊಡ್ಡದು, ರಕ್ತದ ಸುಮಾರು 55% ಅದಕ್ಕೇ ಹೋಗುತ್ತದೆ. ಆದ್ದರಿಂದ ಬಲಗಡೆ ಆಪರೇಷನ್ ಆದರೆ ಅಪಾಯ ಜಾಸ್ತಿ. ಬೆನ್ನ ಮೇಲೆ ಮಲಗಿಸಿದರೂ ಜಾಸ್ತಿ. ಎರಡೂ ಕಡೆ ಗಾಳಿ ಕೊಡುತ್ತಿರುವಾಗಲೇ ರಕ್ತದಲ್ಲಿ ಆಮ್ಲಜನಕ ಕಡಿಮೆ ಇದ್ದರೆ ಅದೂ ಎಚ್ಚರಿಕೆಯೇ.

ನನಗೆ ತುಂಬಾ ಅಚ್ಚರಿ ತಂದದ್ದು ಇನ್ನೊಂದು ಸಂಗತಿ. ಉಸಿರಾಟದ ಪರೀಕ್ಷೆಯಲ್ಲಿ ಚೆನ್ನಾಗಿ ಊದಿದವರೇ ಮೇಜಿನ ಮೇಲೆ ಹೆಚ್ಚು ತೊಂದರೆ ಕೊಡಬಹುದು! ಸಿಒಪಿಡಿ, ಅಂದರೆ ಗಾಳಿದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಉಸಿರು ಪೂರ್ತಿ ಹೊರಗೆ ಹೋಗುವುದಿಲ್ಲ. ಒಳಗೆ ಉಳಿದ ಆ ಗಾಳಿಯೇ ಪುಟ್ಟ ಗಾಳಿಚೀಲಗಳು ಮುಚ್ಚಿಹೋಗದಂತೆ ತಡೆಯುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಸುಮ್ನೆ ರಿಪೋರ್ಟ್ ನೋಡಿ 'ಇವರದು ಗಟ್ಟಿ ಶ್ವಾಸಕೋಶ' ಎಂದು ನಿರಾಳವಾಗುವಂತಿಲ್ಲ, ಅಲ್ವಾ?

ಈಗ ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಇಳಿದಿದೆ. ಮುಂದಿನ 5 ನಿಮಿಷದಲ್ಲಿ ಆಮ್ಲಜನಕ ಇಳಿಯುವ ಸಾಧ್ಯತೆ ಎಷ್ಟು, ಯಾವ ಕಾರಣಕ್ಕೆ ಎಂದು ಹೇಳುವ ವ್ಯವಸ್ಥೆಯೊಂದನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದರು. ವೈದ್ಯರು ತಾವಾಗಿ 15% ಘಟನೆಗಳನ್ನು ಮೊದಲೇ ಗುರುತಿಸುತ್ತಾರೆ ಎಂದುಕೊಂಡರೆ, ಇದರ ನೆರವಿನಿಂದ 30% ಗುರುತಿಸಬಹುದು ಎಂಬುದು ಅವರ ಅಂದಾಜು. ಅದನ್ನು ರೂಪಿಸಿದ್ದು ಎಲ್ಲ ಬಗೆಯ ಆಪರೇಷನ್‌ಗಳಿಗೆ, ಶ್ವಾಸಕೋಶಕ್ಕೆಂದೇ ಅಲ್ಲ. ಆದರೆ ಕಾರಣವನ್ನೂ ಹೇಳುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ ಇಲ್ಲಿ ಟ್ಯೂಬ್ ಸ್ವಲ್ಪ ಸರಿದರೂ ಅಂಕಿ ಇಳಿಯುತ್ತದೆ, ಕಫ ಕಟ್ಟಿದರೂ ಇಳಿಯುತ್ತದೆ. ಅಪಾಯ ಮೊದಲೇ ಗೊತ್ತಿದ್ದರೆ ಒಳಗೆ ನೋಡುವ ಬ್ರಾಂಕೋಸ್ಕೋಪ್ ಕೈಗೆಟಕುವಲ್ಲೇ ಇರುತ್ತದೆ. ಕುಗ್ಗಿಸಿದ ಶ್ವಾಸಕೋಶಕ್ಕೆ ಹಗುರವಾಗಿ ಆಮ್ಲಜನಕ ಹಾಯಿಸುವ ಕೊಳವೆಯೂ ಜೋಡಿಸಿ ಸಿದ್ಧವಾಗಿರುತ್ತದೆ.